ಕಾವಲಿ ಕೈ

ನಾಸಿಕ್ ರೋಡ್,
ಶನಿವಾರ, ೧೭ ಜನವರಿ ೨೦೨೬

ಚಿ. ಸೌ. ಪ್ರಜ್ಞಾಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ನಿಜ ಹೇಳುವುದಾದರೆ ಮುಕ್ಕಾಲು ಕ್ಷೇಮ, ಉಳಿದ ಕಾಲುಭಾಗಕ್ಕಾಗಿಯೇ ಈ ಕಾಗದ. ನೀನು, ಅಳಿಯಂದಿರು, ದಿಗಂತ್ ಮೂವರೂ ಪೂರ್ತಿ ಕ್ಷೇಮ ಎಂದು ನಂಬಿದ್ದೇನೆ.

ಬರೆಯಲು ಐದು ವಾರ ತಡವಾಯಿತು. ಹೋಟೆಲಿನಲ್ಲಿ ಪುರುಸೊತ್ತಿಲ್ಲ ಎಂದು ಬೇರೆ ಯಾರಿಗಾದರೂ ಹೇಳಬಹುದಿತ್ತು. ನೀನು ಇದೇ ಹೋಟೆಲಿನ ಗಲ್ಲಾದ ಹಿಂದೆ ಕೂತು ಮಗ್ಗಿ ಬಾಯಿಪಾಠ ಮಾಡಿದವಳು. ಮಧ್ಯಾಹ್ನ ಮೂರರಿಂದ ನಾಲ್ಕೂವರೆಯವರೆಗೆ ನಿನ್ನ ಅಪ್ಪ ನೊಣ ಹೊಡೆಯುತ್ತಾನೆ ಎಂಬುದು ನಿನಗೆ ಚೆನ್ನಾಗಿ ಗೊತ್ತು. ಫೋನ್ ಇರುವಾಗ ಕಾಗದ ಯಾಕೆ ಎಂದು ನಿನ್ನ ಅಮ್ಮನೂ ಕೇಳಿದಳು. ಭಾನುವಾರದ ನಮ್ಮ ಫೋನಿನಲ್ಲಿ "ಊಟ ಆಯ್ತಾ", "ಆಯ್ತು", "ಅಲ್ಲಿ ಚಳಿ ಉಂಟಾ", "ಉಂಟು" ಇಷ್ಟರ ಮೇಲೆ ಏನೂ ಹಿಡಿಸುವುದಿಲ್ಲ. ಹಾಗಾಗಿ ಕಾಗದ. ಕೋಪ ಬಂದರೆ ಹರಿದು ಬಿಸಾಡು, ಹರಿಯುವ ಶಬ್ದ ನನಗೆ ಕೇಳಿಸುವುದಿಲ್ಲ.

ಮೊದಲು ತಪ್ಪೊಪ್ಪಿಗೆ. ಹೋದ ಭಾನುವಾರ ನಮ್ಮ ಸುಜಿತನ ಮಗಳು ಅನ್ವಿತಾ ಫೋನ್ ಕಸಿದುಕೊಂಡು "ಆತ್ಯಾ, ಆಮ್ಹೀ ತುಝ್ಯಾ ಗಾವಾಲಾ ಆಲೋ ಹೋತೋ, ಸಮೋಸಾ ಪಣ್ ಖಾಲ್ಲಾ" ಎಂದು, ನಿನ್ನೂರಿಗೆ ಬಂದದ್ದು, ಸಮೋಸಾ ತಿಂದದ್ದು, ಎಲ್ಲವನ್ನೂ ಅತ್ತೆಯಾದ ನಿನಗೆ ಹೇಳಿಬಿಟ್ಟಳು. ನಾಲ್ಕೂವರೆ ವರ್ಷದ ಮೊಮ್ಮಗಳ ಬಾಯಿಗೆ ಬೀಗ ಹಾಕಲು ಆಗುತ್ತದೆಯೇ? ನೀನು "ಹೌದಾ" ಎಂದು ಫೋನ್ ಇಟ್ಟೆ. ಆ "ಹೌದಾ" ಆರು ದಿನದಿಂದ ನನ್ನ ಕಿವಿಯಲ್ಲೇ ಕೂತಿದೆ. ಹೌದು ಮಗಳೇ. ಡಿಸೆಂಬರ್ ಹನ್ನೊಂದಕ್ಕೆ ನಾನು, ನಿನ್ನ ಅಮ್ಮ, ದೊಡ್ಡಪ್ಪ, ಅನ್ವಿತಾ ನಾಲ್ವರೂ ಸಂಭಾಜಿನಗರಕ್ಕೆ ಬಂದಿದ್ದೆವು. ನಿನ್ನ ಮನೆಗೆ ಬಾರದೆ ಕಳ್ಳರ ಹಾಗೆ ಹಿಂದಿರುಗಿದೆವು. ದಿಗಂತನಿಗೆಂದು ತಂದ ಚಕ್ಕುಲಿ ವಾಪಸು ಬರುವಾಗ ದೊಡ್ಡಪ್ಪನ ಮಡಿಲಲ್ಲೇ ಇತ್ತು. ಅವನು ಅದನ್ನು ತಿನ್ನಲಾರದೆ ನೋಡುತ್ತ ಕೂತಿದ್ದ, ಯಾಕೆಂದು ಮುಂದೆ ಹೇಳುತ್ತೇನೆ.

ವಿಷಯ ಶುರುವಾದದ್ದು ದೀಪಾವಳಿಯ ನಂತರ. ಅನ್ವಿತಾಳ ಕೆಳಗಿನ ಎರಡು ಹಲ್ಲು ಅಲುಗಾಡತೊಡಗಿದವು. "ಬೇಗ ಹಲ್ಲು ಬಿದ್ದರೆ ಬೇಗ ಬುದ್ಧಿ ಬರ್ತದೆ ಮಾರಾಯ್ರೆ, ನೀವು ಸುಮ್ಮನಿರಿ" ಎಂದಳು ನಿನ್ನ ಅಮ್ಮ. ವಾರದೊಳಗೆ ನಾಲ್ಕು ಅಲುಗಾಡಿದವು, ಅದಕ್ಕೆ ಸರಿಯಾಗಿ ಬುದ್ಧಿಯೇನೂ ಬರಲಿಲ್ಲ. ವಸಡು ಕೆಂಪು ಚಟ್ನಿಯ ಬಣ್ಣಕ್ಕೆ ತಿರುಗಿತು. ಇಲ್ಲಿಯ ಹಲ್ಲಿನ ಡಾಕ್ಟರರು ಮೊದಲು "ಚಾಕೊಲೆಟ್ ಬಂದ್ ಕರಾ" ಎಂದರು. ಸುಜಿತನ ಹೆಂಡತಿ ಚಾಕೊಲೆಟ್ ಕೊಟ್ಟೇ ಇಲ್ಲವೆಂದು ಮಗುವಿನ ತಲೆ ಮುಟ್ಟಿ ಹೇಳಿದಳು. ಆಮೇಲೆ ಡಾಕ್ಟರರು ಎಕ್ಸ್‌ರೇ ನೋಡಿದರು, ಮಗುವಿನ ಅಂಗೈ ನೋಡಿದರು, ಸಂಭಾಜಿನಗರದ ದಂತ ಆಸ್ಪತ್ರೆಗೆ ಚೀಟಿ ಬರೆದರು. ಹಲ್ಲು ತೋರಿಸಲು ಹೋದರೆ ಈ ಮನುಷ್ಯ ಅಂಗೈ ಯಾಕೆ ನೋಡಿದ, ಜ್ಯೋತಿಷ್ಯವೂ ಗೊತ್ತೇ ಎಂದು ನಾನು ಸುಜಿತನನ್ನು ಕೇಳಿದೆ.

ಅಂಗೈಯ ಕಥೆ ನಿನಗೆ ಗೊತ್ತಿಲ್ಲದ್ದಲ್ಲ. ನಿನ್ನ ಕೈಯೇ ಅದು. ಆದರೂ ಬರೆಯುತ್ತೇನೆ, ಬರೆದರೆ ನಮ್ಮ ದಡ್ಡತನ ನನಗೇ ಸರಿಯಾಗಿ ಕಾಣಿಸುತ್ತದೆ. ನಿನ್ನ ಅಜ್ಜ ಕುಂದಾಪುರದ ಕಡೆಯಿಂದ ಇಲ್ಲಿಗೆ ಬಂದು ಸ್ಟೇಷನ್ ಎದುರು ಹೋಟೆಲು ಹಾಕಿದಾಗ, ಉಮಾನಾಥಣ್ಣ, ಅಂದರೆ ನಿನ್ನ ದೊಡ್ಡಪ್ಪ, ಹದಿನಾಲ್ಕನೇ ವಯಸ್ಸಿಗೇ ಕಾವಲಿಯ ಮೇಲಿನ ದೋಸೆಯನ್ನು ಬರಿಗೈಯಲ್ಲಿ ಮಗುಚುತ್ತಿದ್ದ. ಅಷ್ಟು ದಪ್ಪ ಚರ್ಮ, ಬಿಸಿ ತಾಗುತ್ತಿರಲಿಲ್ಲ. ನೋಟು ಅಚ್ಚು ಹಾಕುವ ಪ್ರೆಸ್ಸಿನ ಕೆಲಸಗಾರರು ಅದನ್ನು ನೋಡಲೆಂದೇ ಜೊತೆಯವರನ್ನು ಕರೆತರುತ್ತಿದ್ದರು. ಅಜ್ಜಿ ಅದಕ್ಕೆ "ಕಾವಲಿ ಕೈ" ಎಂದು ಹೆಸರಿಟ್ಟಳು. ಅನ್ನ ಹಾಕುವ ಮನೆತನಕ್ಕೆ ದುರ್ಗಾಪರಮೇಶ್ವರಿ ಕೊಟ್ಟ ವರವಂತೆ. ನಿನಗೆ ಎರಡು ತುಂಬುವಾಗ ಅಂಗೈ ಅಂಗಾಲು ಗಟ್ಟಿಯಾದದ್ದು ಕಂಡು ಅವಳು ಕೇರಿಗೆಲ್ಲ ಪಾಯಸ ಹಂಚಿದಳು. ಅನ್ವಿತಾಳಿಗೆ ಹಾಗೇ ಆದಾಗ ನಾನು ಮೊದಲ ಪಾಳಿಯ ಗಿರಾಕಿಗಳಿಗೆಲ್ಲ ಪುಕ್ಕಟೆ ಶಿರಾ ಕೊಟ್ಟೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಒಂದು ಫ್ಲೆಕ್ಸ್ ಕೂಡ ಮಾಡಿಸಿದೆ, ಅಣ್ಣನ ದೊಡ್ಡ ಅಂಗೈ, ಪಕ್ಕದಲ್ಲಿ ಮಗುವಿನ ಪುಟ್ಟ ಅಂಗೈ, ಕೆಳಗೆ ಮರಾಠಿಯಲ್ಲಿ "ತೀನ್ ಪಿಢ್ಯಾಂಚೀ ಪರಂಪರಾ".

ಮೂರು ಪೀಳಿಗೆಯಲ್ಲಿ ಯಾರಿಗೆಲ್ಲ ಕೈ ದಪ್ಪವೋ ಅವರಿಗೆಲ್ಲ ಬಾಯಿ ಖಾಲಿ ಎಂಬುದು ಮಾತ್ರ ನಮಗೆ ಯಾರಿಗೂ ಹೊಳೆಯಲಿಲ್ಲ. ಅಣ್ಣನ ಹಲ್ಲು ಎಲೆ ಅಡಿಕೆಯಿಂದ ಹೋಯಿತು ಎಂದೆವು. ನಿನ್ನದು ಸಿಹಿ ತಿಂದು ಹೋಯಿತು ಎಂದೆವು. ಕೈ ದೇವರು ಕೊಟ್ಟದ್ದು, ಹಲ್ಲು ನಾವೇ ಕಳೆದುಕೊಂಡದ್ದು, ಹೀಗಿತ್ತು ನಮ್ಮ ಮನೆಯ ಶಾಸ್ತ್ರ.

ಸುಜಿತ ಹೋಟೆಲು ಬಿಟ್ಟು ಬರುವಂತಿರಲಿಲ್ಲ. ಅವನ ಹೆಂಡತಿಗೆ ಆಸ್ಪತ್ರೆಯ ಹೆಸರು ಕೇಳಿದರೇ ತಲೆ ಸುತ್ತುತ್ತದೆ. ಹಾಗಾಗಿ ನಾವು ಮುದುಕರ ಸವಾರಿ ಹೊರಟಿತು. ಮಧ್ಯಾಹ್ನದೊಳಗೆ ಆಸ್ಪತ್ರೆ ಮುಗಿಸಿ, ನಿನ್ನ ಮನೆಯಲ್ಲಿ ರಾತ್ರಿ ತಂಗಿ, ಮರುದಿನ ಹಿಂದಿರುಗುವುದು ಎಂದೇ ನಿಶ್ಚಯವಾಗಿತ್ತು. ದೊಡ್ಡಪ್ಪನಿಗೆ ಆಸ್ಪತ್ರೆಯಲ್ಲಿ ಏನೂ ಕೆಲಸವಿರಲಿಲ್ಲ, ಅವನು ಬಂದದ್ದು ಮನ್ಮಾಡ್ ಸ್ಟೇಷನ್ನಿನ ವಡೆಯ ಆಸೆಗೆ. ಎಪ್ಪತ್ತೊಂದರ ಪ್ರಾಯದಲ್ಲಿ ಅವನಿಗೆ ಉಳಿದಿರುವ ಚಟ ಅದೊಂದೇ. ಮನ್ಮಾಡಿನಲ್ಲಿ ಗಾಡಿ ನಿಂತಿತು. ವಡೆಯವನು ನಮ್ಮ ಡಬ್ಬಿ ದಾಟಿ ಮುಂದೆ ಹೋದ. ಅಣ್ಣ ಬಾಗಿಲಲ್ಲಿ ನಿಂತು ಹೊರಗೆ ಬಗ್ಗಿ "ಓ ವಡೇವಾಲೇ" ಎಂದು ಕೂಗಿದ ಭರಕ್ಕೆ ಮೇಲಿನ ಸಾಲು, ಕೆಳಗಿನ ಸಾಲು, ಎರಡೂ ಸೆಟ್ಟು ಒಟ್ಟಿಗೆ ಹಾರಿ ಅವನ ಬುಟ್ಟಿಯಲ್ಲಿ ಬಿದ್ದವು. ಅದೇ ಹೊತ್ತಿಗೆ ಗಾಡಿ ಹೊರಟಿತು. ವಡೆಯವನು ಪಾಪ, ಹಲ್ಲು ಎತ್ತಿ ಹಿಡಿದು ಪ್ಲಾಟ್‌ಫಾರ್ಮಿನ ತುದಿಯವರೆಗೂ ಓಡಿ ಬಂದ. ಅಣ್ಣ ಸರಪಳಿ ಎಳೆಯಲು ಹೋದ, ನಾನು ಕೈ ಹಿಡಿದೆ. ಟಿ.ಸಿ. ಬಂದು "ಕಾಯ್ ಪಡ್ಲಂ?" ಎಂದು, ಏನು ಬಿತ್ತೆಂದು ಕೇಳಿದ. "ದಾತ್", ಹಲ್ಲು, ಎಂದೆ. ಅವನು ಅನ್ವಿತಾಳ ಕೆನ್ನೆ ಚಿವುಟಿ, ಪರವಾಗಿಲ್ಲ, ಹೊಸದು ಬರುತ್ತದೆ ಎಂದು ಹೇಳಿ ಹೋದ.

ಹೀಗೆ ಅಣ್ಣ ಬೊಚ್ಚುಬಾಯಲ್ಲಿ ಆಸ್ಪತ್ರೆ ಹೊಕ್ಕದ್ದರಿಂದಲೇ ಕಾಯಿಲೆ ಗೊತ್ತಾಯಿತು ಎಂದರೆ ನೀನು ನಂಬಬೇಕು.

ಡಾಕ್ಟರ್ ಸುಮಂಗಲಾ ಎಂದು ಅವರ ಹೆಸರು. ನಿನಗಿಂತ ಚಿಕ್ಕವರು. ನಾವು ಒಳಗೊಳಗೆ ಮಾತಾಡುವುದನ್ನು ಕೇಳಿ "ಕನ್ನಡದವರೇನ್ರಿ? ನಾವು ವಿಜಾಪುರ ಕಡೆಯವರ್ರಿ" ಎಂದರು. ಅವರ ತಂದೆ ಗೊಲ್ಲಾಳಪ್ಪನವರು ಕಟ್ಟಡದ ಕೆಲಸಕ್ಕೆಂದು ಅಲ್ಲಿಗೆ ಬಂದವರಂತೆ. ನನಗೆ ಊರವರು ಸಿಕ್ಕಷ್ಟು ಸಂತೋಷವಾಯಿತು. ಮೊಬೈಲ್ ತೆಗೆದು ಫ್ಲೆಕ್ಸಿನ ಫೋಟೋ ತೋರಿಸಿ, ನಮ್ಮದು ಕಾವಲಿ ಕೈಯ ಮನೆತನ, ಇದು ಹೋಟೆಲಿನ ಕಸುಬಿನಿಂದ ಬಂದ ವರ ಎಂದು ಎದೆಯುಬ್ಬಿಸಿ ಹೇಳಿದೆ. ಅವರು ಮಗುವಿನ ಅಂಗೈಯನ್ನು ಬೆರಳಲ್ಲಿ ಒತ್ತಿ ನೋಡಿದರು.

"ನಮ್ಮಪ್ಪನ ಕೈನೂ ಹಿಂಗ ಅದಾವ್ರಿ. ಮೂವತ್ತ್ ವರ್ಷ ಸಿಮೆಂಟ್ ಕಲಿಸ್ಯಾನ. ಈ ಕೂಸು ಎಷ್ಟ್ ವರ್ಷ ದೋಸೆ ಹಾಕೈತ್ರಿ?"

ಅರುವತ್ತು ವರ್ಷದಲ್ಲಿ ನಮ್ಮಲ್ಲಿ ಯಾರೂ ಕೇಳದ ಪ್ರಶ್ನೆ ಇದು. ನಾನು ಮೊಬೈಲನ್ನು ಜೇಬಿಗೆ ಹಾಕಿದೆ. ಅವರು ಅಣ್ಣನ ಕಡೆ ತಿರುಗಿ "ಕಾಕಾರ, ನಿಮ್ಮ ಹಲ್ಲು ಯಾವಾಗ ಹೋದ್ವು?" ಎಂದು ಕೇಳಿದರು.

"ಇವತ್ತು ಬೆಳಿಗ್ಗೆ, ಮನ್ಮಾಡಿನಲ್ಲಿ" ಎಂದ ಅಣ್ಣ.

"ಅವಲ್ಲರಿ. ಅಸಲಿ ಹಲ್ಲು."

ಅಣ್ಣ ನನ್ನ ಮುಖ ನೋಡಿದ, ನಿನ್ನ ಅಮ್ಮನ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿ "ಹದಿನಾರಕ್ಕೆ" ಎಂದ. ಗುಟ್ಟಾಗಿ ಸೆಟ್ಟು ಕಟ್ಟಿಸಿಕೊಂಡು, ನಲವತ್ತಕ್ಕೆ ಹೋದವು ಎಂದು ಅವನು ನಮಗೂ ಊರಿಗೂ ಹೇಳಿಕೊಂಡು ಬಂದಿದ್ದ. ಹೆಣ್ಣು ನೋಡಲು ಹೋಗುವಾಗೆಲ್ಲ ಅವನಿಗೆ ಜ್ವರ ಯಾಕೆ ಬರುತ್ತಿತ್ತೆಂದು ನನಗೆ ಅರ್ಥವಾದದ್ದು ಆವತ್ತು. ನಗಬೇಕೋ ಅಳಬೇಕೋ ತಿಳಿಯದೆ ಮಗುವಿನ ಚಪ್ಪಲಿ ಸರಿಮಾಡಿದೆ.

ಡಾಕ್ಟರರು ಎಲ್ಲವನ್ನೂ ನಮ್ಮ ಹೋಟೆಲಿಗೇ ಹೊಂದಿಸಿ ಹೇಳಿದರು. "ನಿಮ್ಮಲ್ಲಿ ಹಾಲಿನ ಪಾಕೀಟ್ ಬರ್ತಾವಲ್ರಿ? ಕತ್ತರಿ ಸಿಗಲಿಲ್ಲಾಂದ್ರ ಏನ್ ಮಾಡ್ತೀರಿ?"

"ಹಲ್ಲಿನಲ್ಲಿ ಕಚ್ಚಿ ಹರಿಯುತ್ತೇವೆ."

"ಹಲ್ಲೂ ಇಲ್ಲಾಂದ್ರ?" ಎಂದು ಅವರು ನಕ್ಕರು. "ರಕ್ತದಾಗ ಬಿಳಿ ಕಣ ಅದಾವ್ರಿ. ವಸಡಿನ್ಯಾಗ ರೋಗದ ಹುಳ ಸೇರಿದ್ರ ಓಡಿಬಂದು ಕೊಲ್ಲೂದು ಅವುಗಳ ಕೆಲಸ. ಕೊಲ್ಲೂ ಮದ್ದು ಅವುಗಳ ಹತ್ರ ಪಾಕೀಟ್ ಕಟ್ಟಿ ಇಟ್ಟಂಗ ಇರ್ತೈತಿ. ಆ ಪಾಕೀಟಿನ ಮೂಲಿ ಕತ್ತರಸಾಕ ಒಂದು ಕಿಣ್ವ ಬೇಕು. ಕೆಥೆಪ್ಸಿನ್ ಸಿ ಅಂತ ಅದರ ಹೆಸರು. ಜೀವಕೋಶದಾಗ ಲೈಸೋಸೋಮ್ ಅನ್ನೂ ಸಣ್ಣ ಚೀಲ ಐತಿ, ಅದರಾಗ ಇರ್ತೈತಿ. ಪ್ರೋಟೀನ್ ಕತ್ತರಿಸೂದಷ್ಟ ಅದರ ಕಸುಬು. ನಿಮ್ಮ ಮನಿತನದಾಗ ಆ ಕತ್ತರಿ ಮೊಂಡ ಆಗೈತ್ರಿ. ಕಣ ಬರ್ತಾವ, ಪಾಕೀಟೂ ತರ್ತಾವ, ಬಿಚ್ಚಾಕ ಬರೂದಿಲ್ಲ. ಹುಳ ಹಲ್ಲಿನ ಬುಡದ ಎಲುಬು ತಿಂದು ಹಾಕ್ತಾವ. ಗಟ್ಟಿ ಹಲ್ಲು ಹಂಗ ಉದುರತಾವ."

"ಮತ್ತೆ ಕೈ?" ಎಂದಳು ನಿನ್ನ ಅಮ್ಮ. ವರ ಕೈತಪ್ಪುವ ಸಂಕಟ ಅವಳಿಗೆ.

"ಅಂಗೈ ಅಂಗಾಲಿನ ತೊಗಲಿಗೂ ಅದ ಕತ್ತರಿ ಬೇಕ್ರೀ ಅವ್ವಾರ. ಅದಿಲ್ಲಾಂತ ತೊಗಲು ದಪ್ಪ ಆಗೈತಿ. ವರಾನೂ ಇಲ್ಲ, ಶಾಪಾನೂ ಇಲ್ಲ."

ಈ ಕಾಯಿಲೆಗೆ ಪಾಪಿಯೋಂ-ಲಫೆವ್ರ್ ಎಂದು ಹೆಸರಂತೆ. ಮೆನುವಿನಲ್ಲಿ ಬರೆದರೆ ಫ್ರಾನ್ಸಿನ ಸಿಹಿತಿಂಡಿ ಎಂದು ಪ್ಲೇಟಿಗೆ ಇನ್ನೂರು ಕೇಳಬಹುದು, ಅಂಥ ಹೆಸರು. ಕತ್ತರಿಗೆ ಸಾಣೆ ಹಿಡಿಯುವ ಮದ್ದು ಇಲ್ಲವೇ ಎಂದು ಅಣ್ಣ ಕೇಳಿದ. ಅದಿನ್ನೂ ಬಂದಿಲ್ಲ, ತಮಾಷೆಯೆಂದರೆ ಅದನ್ನು ಮೊಂಡು ಮಾಡುವ ಗುಳಿಗೆ ಮಾತ್ರ ಬಂದಿದೆ ಎಂದರು. ಕೆಲವರ ಶ್ವಾಸಕೋಶದಲ್ಲಿ ಆ ಮದ್ದಿನ ಪಾಕೀಟುಗಳೆಲ್ಲ ಅತಿಯಾಗಿ ಬಿಚ್ಚಿಕೊಂಡು, ಅವರದೇ ಅಂಗವನ್ನು ಸುಡುತ್ತವಂತೆ. ಅಂಥವರಿಗೆ ಅಮೆರಿಕದಲ್ಲಿ ಇದೇ ಕಿಣ್ವವನ್ನು ತಡೆಯುವ ಗುಳಿಗೆ ಕೊಡತೊಡಗಿದ್ದಾರಂತೆ. ಅಣ್ಣನ ಮುಖ ಅರಳಿತು. "ಅಂದ್ರೆ ಅಲ್ಲಿಯವರು ಗುಳಿಗೆ ನುಂಗಿ ನಮ್ಮ ಹಾಗೆ ಆಗ್ತಾರೆ" ಎಂದ. ನಾನು ಹಾಗೆ ಹೇಳಿಲ್ಲ ಎಂದು ಡಾಕ್ಟರರು ಎರಡು ಸಲ ಹೇಳಿದರು, ಅವನಿಗೆ ಕೇಳಿಸಲಿಲ್ಲ. ಈಗ ಗಿರಾಕಿಗಳಿಗೆಲ್ಲ ಇದನ್ನೇ ಹೇಳುತ್ತಿದ್ದಾನೆ.

ಅವರಿಗೆ ನಾನೂ ಒಂದು ಪ್ರಶ್ನೆ ಕೇಳಿದೆ. ಅವರು ಕೊಟ್ಟ ಉತ್ತರ ಕೇಳಿ ಎದ್ದು ಹೊರಗೆ ಬಂದು, ಅಂಗಳದ ನಲ್ಲಿಯಲ್ಲಿ ಮುಖ ತೊಳೆದೆ. ಆಮೇಲೆ ರಿಕ್ಷಾ ಹತ್ತಿ ನಿನ್ನ ಮನೆಯ ವಿಳಾಸ ಹೇಳಿದ್ದೂ ನಾನೇ, ಅರ್ಧ ದಾರಿಯಲ್ಲಿ "ಸ್ಟೇಷನ್‌ಲಾ ಘ್ಯಾ" ಎಂದು ತಿರುಗಿಸಿದ್ದೂ ನಾನೇ. ನಿನ್ನ ಅಮ್ಮ ಮನ್ಮಾಡಿನವರೆಗೆ ನನ್ನೊಡನೆ ಮಾತಾಡಲಿಲ್ಲ. ಅವಳ ಮೇಲೆ ಮುನಿಸು ಬೇಡ, ತಪ್ಪು ನನ್ನೊಬ್ಬನದು.

ಇಲ್ಲಿಗೆ ನಿಲ್ಲಿಸಿದ್ದೆ, ಐದು ಗಂಟೆಯ ಗಿರಾಕಿಗಳು ಬಂದರು. ಇವತ್ತು ಭಾನುವಾರ, ಮಧ್ಯಾಹ್ನ ಮೂರೂವರೆ. ನಿನ್ನ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ.

ಆವತ್ತು ಆಸ್ಪತ್ರೆಯಲ್ಲಿ ಕೊಟ್ಟುಬಂದ ನಮ್ಮ ರಕ್ತದ ರಿಪೋರ್ಟು ಹೋದ ವಾರ ಬಂತು. ಮನುಷ್ಯನಿಗೆ ಅಪ್ಪನಿಂದ ಒಂದು ಕತ್ತರಿ, ಅಮ್ಮನಿಂದ ಒಂದು ಕತ್ತರಿ ಬರುತ್ತದಂತೆ. ಒಂದು ಚೂಪಾಗಿದ್ದರೂ ಕೆಲಸ ನಡೆಯುತ್ತದೆ. ನನ್ನಲ್ಲಿ ಒಂದು ಮೊಂಡು, ನಿನ್ನ ಅಮ್ಮನಲ್ಲಿ ಒಂದು ಮೊಂಡು. ನಿನಗೆ ಎರಡೂ ಮೊಂಡೇ ಬಂದವು. ನನಗೆ ಹೆಂಡತಿಯಾದವಳು ಸೋದರಮಾವನ ಮಗಳು ಗುಣವತಿ, ಮನೆಯ ಹೆಣ್ಣಿಗೆ ಜಾತಕ ಯಾಕೆ ಎಂದು ಪಂಚಾಂಗವನ್ನೂ ಬಿಡಿಸಿರಲಿಲ್ಲ. ಸುಜಿತನಿಗೂ ಅವನ ಸೋದರಮಾವನ ಮಗಳನ್ನೇ ತಂದೆವು. ಮೂರು ತಲೆಮಾರು ಒಂದೇ ಬಾವಿಯ ನೀರು ಸೇದಿದೆವು. ಸುಜಿತನೋ ಹೇಳಿದ್ದಕ್ಕೆಲ್ಲ ಹೂಂ ಎನ್ನುವ ಮಗ. ಊಹೂಂ ಎಂದವಳು ನೀನೊಬ್ಬಳೇ. ಅತ್ತೆಯ ಮಗ ಬೇಡ, ನಾನು ಮೆಚ್ಚಿದವನೇ ಆಗಬೇಕು ಎಂದು ಕೂತೆ. ನಾನು ನಿನ್ನ ಮದುವೆಗೆ ಮುಹೂರ್ತ ಮುಗಿದ ಮೇಲೆ ಬಂದು, ಉಂಡು, ಸಾರಿಗೆ ಉಪ್ಪು ಕಮ್ಮಿ ಎಂದು ಹೇಳಿ ಹೋದವನು. ಈಗ ದಿಗಂತ್ ಎಂಟು ವರ್ಷಕ್ಕೆ ಕಬ್ಬು ಸಿಗಿದು ತಿನ್ನುವ ಫೋಟೋ ಕಳಿಸುತ್ತೀಯಲ್ಲ, ಆ ಹಲ್ಲೆಲ್ಲ ಅಳಿಯಂದಿರ ಚೂಪು ಕತ್ತರಿಯಿಂದ, ಅಂದರೆ ನಿನ್ನ ಹಟದಿಂದ ಬಂದದ್ದು ಎಂದು ಡಾಕ್ಟರ್ ಸುಮಂಗಲಾ ಹೇಳಿದರು. ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು.

ಹಲ್ಲು ಕಟ್ಟಿಸಿದ ವಿಷಯ ಯಾರಿಗೂ ಹೇಳಬೇಡ ಎಂದು ಮದುವೆಗೆ ಮೊದಲು ನಾನು ನಿನ್ನಿಂದ ಮಾತು ತೆಗೆದುಕೊಂಡಿದ್ದೆ. ನೀನು ಮೊದಲ ದಿನವೇ ಅಳಿಯಂದಿರಿಗೆ ಹೇಳಿದೆಯಂತೆ. "ಒಳ್ಳೆಯದಾಯಿತು, ಮನೆಗೆ ಒಂದೇ ಟೂತ್‌ಪೇಸ್ಟ್ ಸಾಕು" ಎಂದರಂತೆ ಅವರು. ಇದನ್ನು ಸುಜಿತ ಈಗ ಹೇಳಿದ. ಒಳ್ಳೆಯ ಮನುಷ್ಯ. ಅವರ ಮುಂದೆ ನಾನು ಹತ್ತು ವರ್ಷ ಬಿಗುಮಾನದಿಂದ ಕೂತದ್ದು ದಂಡವಾಯಿತು.

ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ. ಅನ್ವಿತಾಳ ಹಾಲುಹಲ್ಲು ಉಳಿಯುವುದಿಲ್ಲ. ಉಳಿದವನ್ನೆಲ್ಲ ಈಗಲೇ ತೆಗೆದು, ವಸಡು ಗುಣಪಡಿಸಿ, ಆಮೇಲೆ ಪ್ರತಿ ತಿಂಗಳೂ ತೋರಿಸುತ್ತಿದ್ದರೆ, ಆರರಲ್ಲಿ ಬರುವ ಹೊಸ ಹಲ್ಲು ಉಳಿಯುವ ಸಾಧ್ಯತೆ ಇದೆ. "ಗ್ಯಾರಂಟಿ ಕೊಡಾಂಗಿಲ್ರಿ. ಆದ್ರ ಈಗ ಬಂದೀರಿ, ಅದ ಪುಣ್ಯ. ತಡ ಮಾಡಿದ್ರ ನನ್ನ ಕೈಯಾಗ ಭಾಳ ಇರೂದಿಲ್ಲ" ಎಂದರು. ನಿನಗೂ ದೊಡ್ಡಪ್ಪನಿಗೂ ಸಿಗದ ಅವಕಾಶ ಈ ಮಗುವಿಗೆ ಸಿಕ್ಕಿದೆ. ಅಡ್ಡಿ ಒಂದೇ, ಮಗು ಬಾಯಿ ಬಿಡುವುದಿಲ್ಲ. ಮೊದಲ ದಿನ ಡಾಕ್ಟರರ ಬೆರಳು ಕಚ್ಚಿದಳು, ಒಂದು ಹಲ್ಲು ಅವರ ಗ್ಲೌಸಿನಲ್ಲೇ ಉಳಿಯಿತು. "ಒಂದು ಕೆಲಸ ತಾನ ಮುಗಿಸಿಕೊಟ್ಟಳ್ರಿ" ಎಂದು ಅವರು ನಕ್ಕರು, ಇವಳು ಮಾತ್ರ ಆಮೇಲೆ ತುಟಿ ತೆರೆಯಲಿಲ್ಲ. ಈ ತಿಂಗಳ ಎಂಟಕ್ಕೆ ಸುಜಿತ ಕರೆದೊಯ್ದ. ಆಗಲೂ ಅದೇ ಕಥೆ. ಪ್ರಜ್ಞೆ ತಪ್ಪಿಸಿ ಒಮ್ಮೆ ತೆಗೆಯಬಹುದು, ತಿಂಗಳು ತಿಂಗಳು ಬಾಯಿ ತೋರಿಸಬೇಕಾದ ಮಗುವನ್ನು ಪ್ರತಿ ಸಲ ಮಲಗಿಸಲಾಗುತ್ತದೆಯೇ ಎಂದು ಡಾಕ್ಟರರು ಕೇಳುತ್ತಾರೆ.

ಕಾರಣ ದೊಡ್ಡಪ್ಪ. ಸಮಾಧಾನ ಮಾಡಲು ಹೋಗಿ "ನೋಡು ಮಗಾ, ನಂಗೂ ಹಲ್ಲಿಲ್ಲ, ಎಂತ ಆಯ್ತು?" ಎಂದು ತನ್ನ ಬೊಚ್ಚುಬಾಯನ್ನು ಅಗಲವಾಗಿ ತೆರೆದ. ಮಗು ಕಿಟಾರನೆ ಕಿರುಚಿತು. ಅವಳಿಗೆ ನೋವಿನ ಭಯವಲ್ಲ, ಹಲ್ಲು ತೆಗೆದರೆ ತಾನು ಈ ದೊಡ್ಡಜ್ಜನ ಹಾಗೆ ಆಗುತ್ತೇನೆಂಬ ಭಯ. ಆಗ ಅಣ್ಣ ನಿನ್ನ ಗುಟ್ಟನ್ನೂ ಬಿಟ್ಟುಕೊಟ್ಟ. ಆತ್ಯಾಳಿಗೂ ಅಸಲಿ ಹಲ್ಲಿಲ್ಲ, ಅವಳು ಚಂದ ಇಲ್ಲವಾ ಎಂದ. ಮಗು ಅಳು ನಿಲ್ಲಿಸಿತು. "ಖೋಟಂ" ಎಂದಿತು. ಸುಳ್ಳಂತೆ. ಆವತ್ತಿನಿಂದ ಅವಳದು ಒಂದೇ ಹಟ. ಆತ್ಯಾ ಹಲ್ಲು ತೆಗೆದು ತೋರಿಸಬೇಕು, ತೆಗೆದಮೇಲೆ ನಗಬೇಕು, ಆಗಲೂ ಆತ್ಯಾ ಚಂದವೇ ಕಂಡರೆ ತಾನು ಬಾಯಿ ಬಿಡುತ್ತಾಳಂತೆ.

ಇಪ್ಪತ್ತೊಂಬತ್ತನೇ ತಾರೀಕು ಗುರುವಾರ, ಬೆಳಿಗ್ಗೆ ಹತ್ತೂವರೆಗೆ ಡಾಕ್ಟರರು ಬರಹೇಳಿದ್ದಾರೆ. ನೀನು ಕಲಿಸುವ ಶಾಲೆಯಿಂದ ಆಸ್ಪತ್ರೆ ದೂರವಿಲ್ಲ. ಕಟ್ಟಿಸಿದ ಮೇಲೆ ನಿನ್ನ ಹಲ್ಲಿಲ್ಲದ ಬಾಯನ್ನು ನಾವು ಯಾರೂ ನೋಡಿಲ್ಲ, ನಿನ್ನ ಅಮ್ಮ ಕೂಡ. ಅದನ್ನು ಮಗುವಿಗೆ ತೋರಿಸು ಎಂದು ಕೇಳುವ ಯೋಗ್ಯತೆ ನನಗಿಲ್ಲ. ಕೈ ಅಡ್ಡ ಇಟ್ಟುಕೊಂಡು ನಗು ಎಂದು ನಿನಗೆ ಕಲಿಸಿದವನೇ ನಾನು. ಆದರೂ ಕೇಳುತ್ತಿದ್ದೇನೆ. ಬಾ ಮಗಳೇ.

ಫ್ಲೆಕ್ಸ್ ಇಳಿಸಿದ್ದೇನೆ. ಸದ್ಯ ಉದ್ದಿನ ಮೂಟೆಗಳಿಗೆ ಹೊದಿಸಿದೆ, ಒಳ್ಳೆಯ ಬಾಳಿಕೆ ಬರುವ ಸರಕು. ಅಮ್ಮ ದಿಗಂತನಿಗೆ ಹೊಸದಾಗಿ ಚಕ್ಕುಲಿ ಸುಟ್ಟಿಟ್ಟಿದ್ದಾಳೆ. ಅಳಿಯಂದಿರಿಗೆ ನನ್ನ ನಮಸ್ಕಾರ ಹೇಳು, ಟೂತ್‌ಪೇಸ್ಟಿನ ಮಾತು ನನಗೆ ಬಹಳ ಹಿಡಿಸಿತೆಂದೂ ಹೇಳು. ದುರ್ಗಾಪರಮೇಶ್ವರಿ ನಿಮ್ಮನ್ನು ಚೆನ್ನಾಗಿಟ್ಟಿರಲಿ. ಅವಳ ಮೇಲೆ ನಾವು ಹೊರಿಸಿದ ವರದ ಲೆಕ್ಕವನ್ನು ಅವಳು ಮನ್ನಿಸಲಿ.

ನಿನ್ನ ಅಪ್ಪ,
ದೇವದಾಸ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಆಸ್ಪತ್ರೆಯಲ್ಲಿ ನಾನು ಕೇಳಿದ ಪ್ರಶ್ನೆ ಇದು: "ಸಿಹಿ ಕದ್ದು ತಿಂದರೆ ಹೀಗಾಗುತ್ತದೆಯೇ?" ಡಾಕ್ಟರರು ಹೇಳಿದರು, "ಸಿಹಿಗೂ ಇದಕ್ಕೂ ಸಂಬಂಧ ಇಲ್ರಿ. ಬರೀ ಗಂಜಿ ಕುಡಿಸಿ ಬೆಳೆಸಿದ್ರೂ ಉದುರತಿದ್ವು."

ನೀನು ಆರನೆಯ ಇಯತ್ತೆಯಲ್ಲಿದ್ದೆ. ಗಾಜಿನ ಕಪಾಟಿನಲ್ಲಿ ಬಾಳೆಹಣ್ಣಿನ ಹಲ್ವಾ ದಿನಾ ಕಮ್ಮಿಯಾಗುತ್ತಿತ್ತು. ನೀನು ಶಾಲೆಯಿಂದ ಮುಂದಿನ ಹಲ್ಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದೆ. ಎರಡನ್ನೂ ಕೂಡಿಸಿ, ಎರಡನೇ ಪಾಳಿಯ ಗಿರಾಕಿಗಳೆಲ್ಲ ನೋಡುತ್ತಿರುವಾಗ ನಾನು ನಿನ್ನ ಕೆನ್ನೆಗೆ ಹೊಡೆದೆ. "ಅಪ್ಪಾ, ನಾನು ತಿನ್ನಲಿಲ್ಲ" ಎಂದೆ ನೀನು. ಆ ಏಟಿಗೆ ಇನ್ನೊಂದು ಹಲ್ಲು ಉದುರಿ ಗಲ್ಲಾದ ಮೇಲೆ ಬಿತ್ತು. ನಾನು ಅದನ್ನೇ ಸಾಕ್ಷಿ ಎಂದುಕೊಂಡೆ. ಕಪಾಟಿಗೆ ಬೀಗ ಹಾಕಿದೆ. ನಿನ್ನ ಹುಟ್ಟುಹಬ್ಬಕ್ಕೆ ಇಡ್ಲಿಗೆ ಮೇಣದಬತ್ತಿ ಚುಚ್ಚಿದೆವು. ಇಪ್ಪತ್ತೈದು ವರ್ಷದಿಂದ ನೀನು ನನ್ನೆದುರು ಸಿಹಿ ಮುಟ್ಟಿಲ್ಲ, ನಿನ್ನ ಮದುವೆಯ ಜಿಲೇಬಿಯನ್ನೂ ನನ್ನ ಎಲೆಗೆ ಬಡಿಸಿದೆ. ಅದು ನನಗೆ ಗೊತ್ತಾಗಿಲ್ಲ ಎಂದು ತಿಳಿಯಬೇಡ.

ಹಿಂದಿರುಗುವಾಗ ಮನ್ಮಾಡಿನಲ್ಲಿ ಆ ವಡೆಯವನು ಹಲ್ಲನ್ನು ತೊಳೆದು, ಕಾಗದದಲ್ಲಿ ಕಟ್ಟಿ, ರೂಢಿಯಂತೆ ಎರಡು ಕರಿದ ಮೆಣಸಿನಕಾಯಿಯನ್ನೂ ಇಟ್ಟುಕೊಟ್ಟ. ಅಣ್ಣ ಹಲ್ಲು ಹಾಕಿಕೊಂಡ. ಬಾಯಿ ಸರಿಯಾದ ಮೇಲೆ ಅವನು ಆಡಿದ ಮೊದಲ ಮಾತು: "ದೇವು, ಆ ಹಲ್ವಾ ತಿಂದದ್ದು ನಾನು. ಅಗಿಯದೆ ತಿನ್ನುವಂಥದ್ದು ಕಪಾಟಿನಲ್ಲಿ ಅದೊಂದೇ ಇತ್ತು. ನಿನ್ನ ಹೆದರಿಕೆಗೆ ಬಾಯಿ ಬಿಡಲಿಲ್ಲ."

ನೀನು ತಿಂದಿರಲಿಲ್ಲ, ಪ್ರಜ್ಞಾ.

ಇಪ್ಪತ್ತೊಂಬತ್ತಕ್ಕೆ ನಾನೂ ಬರುತ್ತೇನೆ. ಹೊರಗೆ ಆ ನಲ್ಲಿಯ ಹತ್ತಿರ ನಿಂತಿರುತ್ತೇನೆ. ನೀನು ಕರೆದರೆ ಮಾತ್ರ ಒಳಗೆ ಬರುತ್ತೇನೆ.